ವಕ್ತೃವಿನ ಹೆಸರು: ಕುದುರೆಮುಖ ಗಣಿ ವಿರೋಧ ಮತ್ತು ಜಾನಪದ ದಾಖಲೆಯ ಹೊಣೆ

ಜಾನಪದ ಪಠ್ಯವೊಂದನ್ನು ಮುದ್ರಿಸುವಾಗ ಅದರ ಅಡಿಯಲ್ಲಿ ವಕ್ತೃವಿನ ಹೆಸರು, ವಯಸ್ಸು, ಜಾತಿ, ಊರು ಇವನ್ನು ಕಾಣಿಸುವುದು ನಮ್ಮ ಅಧ್ಯಯನ ಶಿಸ್ತಿನ ಮೊದಲ ಪಾಠ. ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗೆ ಅಧ್ಯಾಪಕರು ಹೇಳುವ ಮೊದಲ ಮಾತೂ ಇದೇ. ಹೆಸರಿಲ್ಲದ ಪಠ್ಯಕ್ಕೆ ಅಧಿಕೃತತೆಯಿಲ್ಲ. ಅದು ಸಂಗ್ರಾಹಕನ ಕೈವಾಡವಿರಬಹುದೆಂಬ ಅನುಮಾನಕ್ಕೆ ಎಡೆಯಾಗುತ್ತದೆ. ಸೋಬಾನೆ ಪದ, ಒಗಟು, ಐತಿಹ್ಯ, ಸುಗ್ಗಿಯ ಹಾಡು ಇವುಗಳ ಮಟ್ಟಿಗೆ ಈ ನಿಯಮದಿಂದ ಯಾರಿಗೂ ಕೇಡಾಗಿಲ್ಲ, ಒಳ್ಳೆಯದೇ ಆಗಿದೆ. ಆದರೆ ಇದೇ ನಿಯಮವನ್ನು ಗಣಿಗಾರಿಕೆಯನ್ನು ವಿರೋಧಿಸಿದವರ ಮೌಖಿಕ ಕಥನಕ್ಕೆ ಅನ್ವಯಿಸಿದಾಗ ಅದು ಏನಾಗುತ್ತದೆ ಎಂಬ ಪ್ರಶ್ನೆಯನ್ನು ಕನ್ನಡ ಜಾನಪದ ವಿಮರ್ಶೆ ಇನ್ನೂ ಗಂಭೀರವಾಗಿ ಎತ್ತಿಕೊಂಡಿಲ್ಲ. ಕಳಸ, ಮೂಡಿಗೆರೆ, ಆಲ್ದೂರು ಸೀಮೆಯನ್ನು ಕಣ್ಣಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಆಲ್ದೂರಿನಿಂದ ಬಾಳೆಹೊನ್ನೂರಿನ ಕಡೆಗೆ ಸಾಗುವ ದಾರಿ ಕಾಫಿ ತೋಟಗಳ ನಡುವೆ ಇಳಿಯುತ್ತ ಕೊನೆಗೆ ಭದ್ರೆಯ ದಡವನ್ನು ಮುಟ್ಟುತ್ತದೆ. ಅದೇ ಹೊಳೆಯನ್ನು ಹಿಡಿದು ಮೇಲಕ್ಕೆ ಹೋದರೆ ಹೊರನಾಡು, ಕಳಸ, ಅದರಾಚೆಗೆ ಕುದುರೆಮುಖದ ಶ್ರೇಣಿ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಈ ಶ್ರೇಣಿಯಲ್ಲೇ ಇದೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ಯರು ಇಲ್ಲಿ ಕಬ್ಬಿಣದ ಅದಿರಿರುವುದನ್ನು 1913ರಲ್ಲಿ ಗುರುತಿಸಿದರು. 1969ರಲ್ಲಿ 30 ವರ್ಷಗಳ ಗಣಿ ಗುತ್ತಿಗೆ ಮಂಜೂರಾಯಿತು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿ ಸ್ಥಾಪನೆಯಾಯಿತು. ಅದಿರನ್ನು ಕೊಳ್ಳಲು ಮುಂದೆ ಬಂದ ಇರಾನ್ 63 ಕೋಟಿ ಡಾಲರ್ ಸಾಲದ ಒಪ್ಪಂದ ಮಾಡಿಕೊಂಡಿತ್ತು. 1979ರಲ್ಲಿ ಅಲ್ಲಿ ಅರಸೊತ್ತಿಗೆ ಉರುಳಿದ ಮೇಲೆ ಆ ಒಪ್ಪಂದ ಕೈಗೂಡಲಿಲ್ಲ. ಗಣಿ ಮಾತ್ರ ನಿಲ್ಲಲಿಲ್ಲ. ಪುಡಿ ಮಾಡಿದ ಅದಿರು ನೀರಿನಲ್ಲಿ ಬೆರೆತು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟವಿಳಿದು ಮಂಗಳೂರು ಸೇರುತ್ತಿತ್ತು. ಉಳಿದ ಹೂಳನ್ನು ತಡೆಯಲು ಭದ್ರೆಯ ಉಪನದಿ ಲಕ್ಯಾ ಹೊಳೆಗೆ ಅಡ್ಡಲಾಗಿ ಎತ್ತರದ ಕಟ್ಟೆ ಕಟ್ಟಲಾಯಿತು. ವರ್ಷಕ್ಕೆ 6,000 ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುವ ಬೆಟ್ಟದಲ್ಲಿ ಬಗೆದ ಮಣ್ಣು ಕಟ್ಟೆಯ ಹಿಂದೆಯೇ ನಿಲ್ಲುವುದಿಲ್ಲ ಎಂಬುದನ್ನು ತಿಳಿಯಲು ಭದ್ರೆಯ ದಡದ ಒಕ್ಕಲಿಗೆ ಯಾವ ಪ್ರಯೋಗಾಲಯವೂ ಬೇಕಿರಲಿಲ್ಲ. ಮಳೆಗಾಲದ ಹೊಳೆಯ ಬಣ್ಣವೇ ಹೇಳುತ್ತಿತ್ತು.

1999ರಲ್ಲಿ ಗುತ್ತಿಗೆಯ ಅವಧಿ ಮುಗಿದಾಗ ಕಂಪೆನಿ ಇನ್ನೂ 20 ವರ್ಷಗಳ ನವೀಕರಣ ಕೇಳಿತು. ಅಷ್ಟರಲ್ಲಿ, 1987ರಲ್ಲಿ, ಸುತ್ತಣ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಗಿತ್ತು. ನವೀಕರಣದ ವಿರುದ್ಧ ಸಭೆ, ಮೆರವಣಿಗೆ, ಕರಪತ್ರಗಳು ನಡೆದವು. ಶೇಖರ್ ದತ್ತಾತ್ರಿಯವರು 2001ರಲ್ಲಿ ಗಣಿಯ ಹಾನಿಯನ್ನು ತೋರಿಸುವ ಕಿರುಚಿತ್ರವೊಂದನ್ನು ಮಾಡಿದರು. ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಕೆ.ಎಂ. ಚಿಣ್ಣಪ್ಪನವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 2002ರ ಅಕ್ಟೋಬರ್ 30ರಂದು ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತು, 2005ರ ಕೊನೆಗೆ ಗಣಿಗಾರಿಕೆ ನಿಲ್ಲಬೇಕೆಂದು ಹೇಳಿತು. ಅದರಂತೆ ಗಣಿ ನಿಂತಿತು. ಈ ದೇಶದಲ್ಲಿ ಸರ್ಕಾರವೇ ಒಡೆತನ ಹೊಂದಿದ ದೊಡ್ಡ ಗಣಿಯೊಂದು ನದಿ ಮತ್ತು ಕಾಡಿನ ಕಾರಣಕ್ಕೆ ಹೀಗೆ ಮುಚ್ಚಿದ ನಿದರ್ಶನಗಳು ಹೆಚ್ಚಿಲ್ಲ.

ಇಷ್ಟು ಚರಿತ್ರೆ ಬರಹದಲ್ಲಿ ದೊರೆಯುತ್ತದೆ. ಅದರ ಆಕರಗಳು ಅರ್ಜಿ, ಪ್ರತಿ ಅರ್ಜಿ, ಸಮಿತಿಯ ಶಿಫಾರಸು, ಹೂಳಿನ ಅಳತೆ, ತೀರ್ಪು. ಜಾನಪದ ವಿದ್ಯಾರ್ಥಿಗೆ ಇವುಗಳಲ್ಲಿ ಆಸಕ್ತಿಯ ವಸ್ತು ಇಲ್ಲವೆಂದಲ್ಲ. ಸರ್ವೋಚ್ಚ ನ್ಯಾಯಾಲಯದ ಆ ತೀರ್ಪು ಕಾನೂನಿನ ಕಲಮಿನಿಂದ ಆರಂಭವಾಗುವುದಿಲ್ಲ. ಪ್ರಕೃತಿಯನ್ನು ನಾಶಮಾಡುವುದು ಮಾತೃಹತ್ಯೆಗೆ ಸಮಾನವೆಂಬ ರೂಪಕದಿಂದ ಆರಂಭವಾಗುತ್ತದೆ. ಭೂಮಿ ತಾಯಿ, ಹೊಳೆ ತಾಯಿ ಎಂಬ ಆಶಯ ನಮ್ಮ ಮೌಖಿಕ ಪರಂಪರೆಯಿಂದ ನ್ಯಾಯಪೀಠದವರೆಗೆ ಹರಿದುಹೋಗಿರುವುದು ಸಣ್ಣ ಸಂಗತಿಯಲ್ಲ. ಆದರೆ ಈ ರೂಪಕಕ್ಕೆ ಒಂದು ಮಿತಿಯುಂಟು. ತಾಯಿಯನ್ನು ಕೊಲ್ಲುವ ಮಗ, ಉಳಿಸುವ ಮಗ ಎಂಬ ಎರಡೇ ಪಾತ್ರಗಳಿಗೆ ಅಲ್ಲಿ ಜಾಗ. ಆ ತಾಯಿಯ ಮಡಿಲಲ್ಲೇ ಗದ್ದೆ ಮಾಡಿ, ಸೌದೆ ಆಯ್ದು, ಹೊಳೆಯ ನೀರಿನಿಂದ ಅನ್ನ ಬೇಯಿಸಿದವರು ಆ ದೃಶ್ಯದಲ್ಲಿ ಎಲ್ಲಿ ನಿಲ್ಲಬೇಕು? ಮಲೆಕುಡಿಯರು, ಗೌಡಲು ಸಮುದಾಯದವರು, ಗಣಿಯ ಪಟ್ಟಣದಲ್ಲಿ ಕೂಲಿಗೆ ನಿಂತವರು, ಕೆಳಹೊಳೆಯ ಸಣ್ಣ ಹಿಡುವಳಿದಾರರು, ಇವರ ದನಿ ಆ ದಾಖಲೆಗಳಲ್ಲಿ ಬಹುಮಟ್ಟಿಗೆ ಕೇಳುವುದಿಲ್ಲ. ಕೇಳಿದರೂ ಪರರ ಮಾತಿನೊಳಗೆ, ಸಂಖ್ಯೆಯಾಗಿ ಕೇಳುತ್ತದೆ.

ಕೇಳದ ಆ ದನಿಯನ್ನು ಹಿಡಿದಿಡುವುದು ಜಾನಪದದ ಕೆಲಸವಾಗಿತ್ತು. ನಾವು ಮಾಡಿದ್ದೇನು? ಮಲೆನಾಡಿನ ಜಾನಪದ ಕುರಿತು ಬಂದ ಸಂಪ್ರಬಂಧಗಳಲ್ಲಿ ‘ಪರಿಸರ ಮತ್ತು ಜಾನಪದ’ ಎಂಬ ಅಧ್ಯಾಯ ಈಗ ರೂಢಿಯಾಗಿಬಿಟ್ಟಿದೆ. ಅಲ್ಲಿ ದೇವರಕಾಡು, ನಾಗಬನ, ಚೌಡಿಯ ನೆಲೆ, ಮರ ಕಡಿಯಬಾರದೆಂಬ ಕಟ್ಟಳೆ ಎಲ್ಲವೂ ಬರುತ್ತವೆ. ಬನದ ಮರ ಕಡಿದವನಿಗೆ ದೈವ ಕೊಡುವ ಶಿಕ್ಷೆಯ ಐತಿಹ್ಯಗಳೂ ಬರುತ್ತವೆ. ಆದರೆ ಬೆಟ್ಟವನ್ನೇ ಬಗೆದಾಗ ಬನದ ಜನ ಏನು ಹೇಳಿದರು ಎಂಬುದು ಬರುವುದಿಲ್ಲ. ಅಂದರೆ ಪರಿಸರ ಕಾಯುವ ಕೆಲಸವನ್ನು ನಾವು ದೈವಕ್ಕೆ ವಹಿಸಿ ಮನುಷ್ಯನನ್ನು ಬಿಟ್ಟಿದ್ದೇವೆ. ದೈವದ ಹೆಸರು ಬರೆದರೆ ಯಾರಿಗೂ ತೊಂದರೆಯಿಲ್ಲ. ಪಂಜುರ್ಲಿಯ ಮೇಲೆ ಯಾರೂ ಮೊಕದ್ದಮೆ ಹೂಡುವುದಿಲ್ಲ!

ಈ ಮೌನಕ್ಕೆ ವಿದ್ವಾಂಸರ ಅಂಜಿಕೆಯೊಂದೇ ಕಾರಣವೆಂದು ಹೇಳಿದರೆ ವಿವೇಚನೆ ಸುಲಭವಾದೀತು, ಸರಿಯಾಗದು. ಕಾರಣ ನಮ್ಮ ಪ್ರಕಾರಗಳ ವರ್ಗೀಕರಣದಲ್ಲೇ ಇದೆ. ಪ್ರಭುತ್ವವನ್ನು ಎದುರಿಸಿದವನನ್ನು ಹಾಡುವ ಪ್ರಕಾರ ಕನ್ನಡದಲ್ಲಿ ಸಮೃದ್ಧವಾಗಿದೆ. ಮುಂಬಯಿ ಸರ್ಕಾರದ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದ ಲಾವಣಿಗಳನ್ನೇ ನೋಡಬಹುದು. ಸಂಗೊಳ್ಳಿ ರಾಯಣ್ಣ ಅಲ್ಲಿದ್ದಾನೆ, ಹಲಗಲಿಯ ಬೇಡರಿದ್ದಾರೆ, ಆದಾಯ ತೆರಿಗೆಯ ಮೇಲಿನ ಸಿಟ್ಟೂ ಇದೆ. ಆಳುವವರ ಅಧಿಕಾರಿಯೊಬ್ಬ ಆಳುವವರ ವಿರುದ್ಧದ ಹಾಡನ್ನು ಸಂಗ್ರಹಿಸಲು ಸಾಧ್ಯವಾದದ್ದು ಹೇಗೆ? ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಹಲಗಲಿಯ ದಂಗೆ ಅಡಗಿದ್ದು 1857ರಲ್ಲಿ. ಫ್ಲೀಟ್ ಲೇಖನಿ ಹಿಡಿಯುವ ಹೊತ್ತಿಗೆ ಆ ಹೆಸರುಗಳಿಂದ ಯಾರಿಗೂ ಅಪಾಯವಿರಲಿಲ್ಲ. ಲಾವಣಿ ವೀರನ ಹೆಸರನ್ನು ಎತ್ತರದ ದನಿಯಲ್ಲಿ ಕೂಗಿ ಹೇಳುತ್ತದೆ. ಹಾಗೆ ಕೂಗಲು ಸಾಧ್ಯವಾಗುವುದು ಅವನು ಸತ್ತ ಮೇಲೆ. ಬದುಕಿರುವ ಪ್ರತಿರೋಧಿಗೆ, ನಾಳೆ ಠಾಣೆಗೆ ಹೋಗಬೇಕಾದವನಿಗೆ, ಸಂತೆಯಲ್ಲಿ ಯಾರೋ ತನ್ನತ್ತ ಬೆರಳು ತೋರಿಸಿದ್ದನ್ನು ಕಂಡವಳಿಗೆ, ನಮ್ಮಲ್ಲಿ ಪ್ರಕಾರವಿಲ್ಲ. ಅವರ ಮಾತು ಲಾವಣಿಯೂ ಅಲ್ಲ, ಐತಿಹ್ಯವೂ ಅಲ್ಲ, ಗಾದೆಯೂ ಅಲ್ಲ. ಆದ್ದರಿಂದ ಅದು ನಮ್ಮ ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಉಳಿದುಬಿಡುತ್ತದೆ.

ಇನ್ನೊಂದು ಪ್ರಕಾರ ಇದಕ್ಕಿಂತಲೂ ತೊಡಕಿನದು. ‘ಕೆರೆಗೆ ಹಾರ’ದ ಭಾಗೀರಥಿಯನ್ನು ನಾವು ಬಹುಕಾಲ ತ್ಯಾಗದ ಪ್ರತಿಮೆಯೆಂದು ಓದಿದೆವು. ಊರಿಗೆ ನೀರು ಬೇಕು, ನೀರಿಗೆ ಕಿರಿಸೊಸೆಯ ಪ್ರಾಣ ಬೇಕು, ಅವಳು ಕೊಟ್ಟಳು. ಆ ಓದನ್ನು ಮುಂದಿನ ವಿಮರ್ಶೆ ಪ್ರಶ್ನಿಸಿದೆ. ಅದು ತ್ಯಾಗವಲ್ಲ, ಮನೆಯ ಹಿರಿಯರು ಕೂಡಿ ಮಾಡಿದ ನಿರ್ಧಾರಕ್ಕೆ ಬಲಿ ಎಂಬುದನ್ನು ತೋರಿಸಿದೆ. ಗಂಡ ಮಾದೇವರಾಯ ಅದೇ ಕೆರೆಗೆ ಹಾರುವುದರಲ್ಲಿ ಕಥನಗೀತೆಯೇ ಆ ನಿರ್ಧಾರವನ್ನು ಒಪ್ಪದಿರುವ ಸೂಚನೆಯಿದೆ ಎಂದು ನನ್ನ ತಿಳಿವಳಿಕೆ. ವಿಚಿತ್ರವೆಂದರೆ ಭಾಗೀರಥಿಯ ವಿಷಯದಲ್ಲಿ ನಾವು ಬಿಟ್ಟುಕೊಟ್ಟ ತ್ಯಾಗದ ಭಾಷೆಯನ್ನು ಪರಿಸರ ಹೋರಾಟಗಾರರ ವಿಷಯದಲ್ಲಿ ಇನ್ನೂ ಬಿಟ್ಟಿಲ್ಲ. ಸನ್ಮಾನ ಪತ್ರಗಳಲ್ಲಿ, ಶ್ರದ್ಧಾಂಜಲಿಗಳಲ್ಲಿ ಅವರು ನದಿಗಾಗಿ ಬದುಕನ್ನು ಮುಡಿಪಿಟ್ಟವರು, ಕಷ್ಟವನ್ನು ಹೂವೆಂದು ತಿಳಿದವರು. ಹೀಗೆ ಬರೆದ ಕೂಡಲೇ ಅವರಿಗಾದ ಅನ್ಯಾಯ ಅವರ ಹಿರಿಮೆಯಾಗಿ ಮಾರ್ಪಡುತ್ತದೆ. ಬೆದರಿಕೆ ಹಾಕಿದವರ ಹೊಣೆ ಕಾಣೆಯಾಗುತ್ತದೆ.

ಚಿಣ್ಣಪ್ಪನವರ ಜೀವನವೇ ಇದಕ್ಕೆ ನಿದರ್ಶನ. ಕೊಡಗಿನವರಾದ ಅವರು ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದರು. ಬೇಟೆಗಾರರನ್ನೂ ಮರಗಳ್ಳರನ್ನೂ ಎದುರು ಹಾಕಿಕೊಂಡ ಅವರು ಕೊಲೆಯ ಆರೋಪ ಹೊತ್ತು ಸೆರೆಮನೆ ಕಂಡರು. ಮುಂದೆ ಆ ಆರೋಪದಿಂದ ಮುಕ್ತರಾದರು. 1992ರಲ್ಲಿ ನಾಗರಹೊಳೆಯ ಕಾಡಿಗೆ ಬೆಂಕಿಯಿಟ್ಟಾಗ ಆ ಕೋಪದ ಗುರಿ ಅವರೂ ಆಗಿದ್ದರು. 2024ರಲ್ಲಿ ಅವರು ತೀರಿಕೊಂಡಾಗ ಬಂದ ನುಡಿನಮನಗಳಲ್ಲಿ ಇವೆಲ್ಲ ಅವರ ಕೆಚ್ಚಿನ ಕಥೆಗಳಾಗಿ ಬಂದವು. ಕೆಚ್ಚು ನಿಜ. ಆದರೆ ಕರ್ತವ್ಯ ಮಾಡಿದ ಅಧಿಕಾರಿಯೊಬ್ಬ ಸೆರೆಮನೆಗೆ ಹೋಗಬೇಕಾಗಿ ಬಂದದ್ದು ವ್ಯವಸ್ಥೆಯ ವೈಫಲ್ಯವೆಂಬ ವಾಕ್ಯ ಆ ಕಥೆಗಳಲ್ಲಿ ಅಪರೂಪ. ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಕುದುರೆಮುಖದ ಒಳಗಿನ ಹಳ್ಳಿಗಳ ಅನೇಕರಿಗೆ ಗಣಿ ಮುಚ್ಚಿಸಿದ ಪಕ್ಷವೂ ರಾಷ್ಟ್ರೀಯ ಉದ್ಯಾನ ಬೇಕೆಂಬ ಪಕ್ಷವೂ ಒಂದೇ ಆಗಿ ಕಂಡಿತು. ಗಣಿ ಹೋದರೆ ಹೊಳೆ ತಿಳಿಯಾದೀತು, ಆದರೆ ಉದ್ಯಾನ ಬಂದರೆ ತಾವೇ ಏಳಬೇಕಾದೀತು ಎಂಬ ಭಯ ಅವರದು. ಒಬ್ಬರ ಪಾಲಿಗೆ ಕಾಡಿನ ರಕ್ಷಕರಾದವರು ಇನ್ನೊಬ್ಬರ ಪಾಲಿಗೆ ಮನೆಯ ಮೇಲಿನ ನೋಟೀಸಿನ ಕಾರಣಕರ್ತರು. ಪರಿಸರದ ಹೋರಾಟವನ್ನೂ ಮಾನವ ಹಕ್ಕಿನ ಹೋರಾಟವನ್ನೂ ಒಂದೇ ಪದಪುಂಜದಲ್ಲಿ ಹೇಳುವಾಗ ಈ ಬಿರುಕನ್ನು ಮುಚ್ಚಬಾರದು.

ಹಾಗಿದ್ದರೆ ನಮ್ಮ ಪರಂಪರೆಯಲ್ಲಿ ತ್ಯಾಗವೂ ಅಲ್ಲದ, ಬರಿಯ ವೀರಗಾಥೆಯೂ ಅಲ್ಲದ ಮಾದರಿ ಇಲ್ಲವೇ? ಇದೆ, ಅದೂ ಈ ಬೆಟ್ಟಗಳದೇ. ಕಳಸ ಮತ್ತು ಕಾರ್ಕಳ ಒಂದು ಕಾಲಕ್ಕೆ ಒಂದೇ ಅರಸುಮನೆತನದ, ಭೈರರಸರ, ಆಳ್ವಿಕೆಯಲ್ಲಿದ್ದವು. 1432ರಲ್ಲಿ ಪ್ರತಿಷ್ಠೆಯಾದ ಕಾರ್ಕಳದ ಗೊಮ್ಮಟನನ್ನು ಕೆತ್ತಿದವನು ಬೀರ ಕಲ್ಕುಡನೆಂದು ತುಳು ಪಾಡ್ದನ ಹೇಳುತ್ತದೆ. ಇಂಥದ್ದನ್ನು ಇನ್ನೆಲ್ಲಿಯೂ ಕೆತ್ತಬಾರದೆಂದು ಅರಸ ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸಿದ. ತಂಗಿ ಕಲ್ಲುರ್ಟಿ ಅಣ್ಣನಿಗಾದ ಅನ್ಯಾಯಕ್ಕೆ ಸೇಡು ತೀರಿಸಿಕೊಂಡಳು. ಇಬ್ಬರೂ ದೈವಗಳಾದರು. ಬೆಟ್ಟದ ಕಲ್ಲು, ಪ್ರಭುತ್ವದ ಆಸೆ, ದುಡಿಯುವವನ ದೇಹ ಈ ಮೂರನ್ನೂ ಒಂದೇ ಕಥೆಯಲ್ಲಿ ಕಟ್ಟಿಕೊಟ್ಟ ಪಠ್ಯ ಇದಕ್ಕಿಂತ ಇನ್ನೊಂದು ನನಗೆ ತಿಳಿಯದು. ಪಾಡ್ದನ ಕಲ್ಕುಡನ ನೋವನ್ನು ತ್ಯಾಗವೆಂದು ಕರೆಯುವುದಿಲ್ಲ. ಕೈ ಕಡಿದವನು ಯಾರು, ಏಕೆ ಕಡಿದ ಎಂಬುದನ್ನು ಮುಚ್ಚಿಡುವುದಿಲ್ಲ. ಕಡಿಸಿಕೊಂಡವನಿಗೆ ನ್ಯಾಯ ಕೇಳುವ ಹಕ್ಕಿದೆಯೆಂದು ನಂಬುತ್ತದೆ. ನೇಮದ ಕಟ್ಟೆಯಲ್ಲಿ ದೈವ ಊರಿನ ದೊಡ್ಡವರನ್ನು ನಿಲ್ಲಿಸಿ ಮಾತಾಡುವುದು ಈ ನಂಬಿಕೆಯ ಬಲದಿಂದಲೇ. ಆದರೂ ಕಲ್ಲುರ್ಟಿಯ ನ್ಯಾಯ ಸಿಗುವುದು ದೈವವಾದ ಮೇಲೆ, ಅಂದರೆ ಕಾಯ ಬಿಟ್ಟ ಮೇಲೆ. ಕಾಯದಲ್ಲಿರುವವರ ಪ್ರಶ್ನೆ ಉಳಿದೇ ಇದೆ.

1998ರ ಡಿಸೆಂಬರ್ 9ರಂದು ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ ಘೋಷಣೆಯೊಂದು ಕಾಯದಲ್ಲಿರುವವರ ಕುರಿತದ್ದು. ಮಾನವ ಹಕ್ಕಿಗಾಗಿ ಒಬ್ಬರಾಗಿಯೇ ಆಗಲಿ, ಗುಂಪಾಗಿಯೇ ಆಗಲಿ ಕೆಲಸ ಮಾಡುವ ಯಾರಿಗಾದರೂ ರಕ್ಷಣೆ ಸಲ್ಲಬೇಕೆಂದು ಅದು ಹೇಳುತ್ತದೆ. ಸಂಘದ ಅಧ್ಯಕ್ಷರೋ ವಕೀಲರೋ ಆಗಿರಬೇಕೆಂಬ ಷರತ್ತಿಲ್ಲ. ಲ್ಯಾಟಿನ್ ಅಮೆರಿಕ ಮತ್ತು ಕೆರಿಬಿಯನ್ ದೇಶಗಳು 2018ರಲ್ಲಿ ಎಸ್ಕಸು ಎಂಬಲ್ಲಿ ಮಾಡಿಕೊಂಡ ಒಪ್ಪಂದ ಪರಿಸರ ರಕ್ಷಕರಿಗೆ ವಿಶೇಷವಾಗಿ ಒಂದು ವಿಧಿಯನ್ನೇ ಮೀಸಲಿಟ್ಟಿತು. ಅದು ಏಕೆ ಬೇಕಾಯಿತೆಂಬುದಕ್ಕೆ ಗ್ಲೋಬಲ್ ವಿಟ್ನೆಸ್ ಸಂಸ್ಥೆಯ ಲೆಕ್ಕವನ್ನು ನೋಡಬಹುದು. 2023ರ ಒಂದೇ ವರ್ಷದಲ್ಲಿ ನೆಲ ಮತ್ತು ಪರಿಸರಕ್ಕಾಗಿ ನಿಂತ 196 ಮಂದಿ ಲೋಕದಾದ್ಯಂತ ಕೊಲೆಯಾದರು; 2012ರಿಂದ ಆ ವರ್ಷದವರೆಗೆ 2,106 ಮಂದಿ. ಕೊಲೆಯ ಹಿಂದೆ ಉದ್ಯಮವೊಂದರ ನಂಟು ಗುರುತಿಸಲು ಸಾಧ್ಯವಾದ ಪ್ರಕರಣಗಳಲ್ಲಿ ಗಣಿಗಾರಿಕೆಯದೇ ಮೊದಲ ಸ್ಥಾನ.

ಮಲೆನಾಡಿನಲ್ಲಿ ಅಪಾಯದ ರೂಪ ಬೇರೆ. ಇಲ್ಲಿ ಅದು ಹೆಚ್ಚಾಗಿ ಮಾತಿನ ಮೂಲಕ ಬಂತು, ಆದ್ದರಿಂದಲೇ ಅದು ಜಾನಪದದ ವಸ್ತು. ಅಭಿವೃದ್ಧಿಯ ವಿರೋಧಿ, ಹೊರಗಿನವರ ಮಾತು ಕೇಳುವವ, ಊರಿನ ಅನ್ನಕ್ಕೆ ಕಲ್ಲು ಹಾಕುವವ ಎಂಬ ಬಿರುದುಗಳು ಒಂದು ಕಾಲಕ್ಕೆ ಹೊಟೇಲಿನಿಂದ ಹೊಟೇಲಿಗೆ, ಬಸ್ಸಿನಿಂದ ಬಸ್ಸಿಗೆ ಹರಡಿದವು. 2003ರ ನವೆಂಬರ್‌ನಲ್ಲಿ ಕಾರ್ಕಳ ತಾಲ್ಲೂಕಿನ ಈದುವಿನಲ್ಲಿ ಪೊಲೀಸ್ ಕಾರ್ಯಾಚರಣೆಯಲ್ಲಿ ಇಬ್ಬರು ಯುವತಿಯರು ಸತ್ತರು. 2005ರ ಫೆಬ್ರವರಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲೇ ಸಾಕೇತ್ ರಾಜನ್ ಹತರಾದರು. ಅಲ್ಲಿಂದ ಮುಂದೆ ಹಳೆಯ ಬಿರುದುಗಳ ಜಾಗಕ್ಕೆ ‘ನಕ್ಸಲ’ ಎಂಬ ಒಂದೇ ಪದ ಬಂತು. ಬಂದೂಕು ಹಿಡಿದವರಿಗೂ, ಗಣಿಯನ್ನೋ ಒಕ್ಕಲೆಬ್ಬಿಸುವಿಕೆಯನ್ನೋ ಅರ್ಜಿ ಬರೆದು ವಿರೋಧಿಸಿದವರಿಗೂ ನಡುವೆ ಇದ್ದ ಗೆರೆಯನ್ನು ಆ ಪದ ಅಳಿಸಿಹಾಕಿತು. ಉದ್ಯಾನದ ಅಂಚಿನ ಕುತ್ಲೂರಿನ ಮಲೆಕುಡಿಯ ಸಮುದಾಯದ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬರನ್ನು 2012ರ ಮಾರ್ಚಿನಲ್ಲಿ ತಂದೆಯೊಡನೆ ಬಂಧಿಸಲಾಯಿತು. ಅವರ ವಿರುದ್ಧ ಮುಂದಿಟ್ಟ ವಸ್ತುಗಳಲ್ಲಿ ಪುಸ್ತಕ, ಪತ್ರಿಕೆಯ ತುಣುಕು, ಊರಿನ ಬೇಡಿಕೆಗಳ ಪತ್ರ ಇವು ಸೇರಿದ್ದವು. ನ್ಯಾಯಾಲಯ ಇಬ್ಬರನ್ನೂ ದೋಷಮುಕ್ತಗೊಳಿಸಿದ್ದು 2021ರ ಅಕ್ಟೋಬರ್‌ನಲ್ಲಿ, ಒಂಬತ್ತು ವರ್ಷಗಳ ಮೇಲೆ. ಆ ಹೆಸರು ಪತ್ರಿಕೆಗಳಲ್ಲಿ ಹಲವು ಬಾರಿ ಬಂದಿದೆ. ಇಲ್ಲಿ ಇನ್ನೊಮ್ಮೆ ಬರೆಯುವ ಅಗತ್ಯ ಕಾಣದು. 2025ರ ಜನವರಿಯಲ್ಲಿ ಕಾಡಿನಲ್ಲಿದ್ದ ಆರು ಮಂದಿ ಶರಣಾದ ಮೇಲೆ ಬಂದೂಕಿನ ಅಧ್ಯಾಯ ಮುಗಿಯಿತೆನ್ನಬಹುದು. ಬಿರುದಿನ ಅಧ್ಯಾಯ ಮುಗಿದಿದೆಯೇ ಎಂಬುದು ಬೇರೆ ಮಾತು.

ಪುಸ್ತಕ, ಪತ್ರಿಕೆಯ ತುಣುಕು, ಬೇಡಿಕೆಯ ಪತ್ರ: ಈ ಪಟ್ಟಿಯನ್ನು ಕ್ಷೇತ್ರಕಾರ್ಯ ಮಾಡುವವರು ಮತ್ತೊಮ್ಮೆ ಓದಿಕೊಳ್ಳಬೇಕು. ನಮ್ಮ ಜೋಳಿಗೆಯಲ್ಲಿರುವುದೂ ಹೆಚ್ಚುಕಡಿಮೆ ಇವೇ. ಅದಕ್ಕೆ ಟೇಪು, ಭಾವಚಿತ್ರ, ಮನೆಗೆ ಹೋಗುವ ದಾರಿಯ ನಕ್ಷೆ ಸೇರುತ್ತವೆ. ಯಾರು ಯಾವ ಸಭೆಗೆ ಹೋಗಿದ್ದರು, ಯಾರ ಮನೆಯಲ್ಲಿ ಊಟವಾಯಿತು, ಯಾರು ಹಾಡು ಕಟ್ಟಿದರು ಎಂಬ ವಿವರಗಳು ಜಾನಪದದ ದೃಷ್ಟಿಯಿಂದ ಸಂದರ್ಭ ಮಾಹಿತಿ. ಇನ್ನೊಂದು ದೃಷ್ಟಿಯಿಂದ ಅವು ಸಾಕ್ಷ್ಯ. ನಾವು ಒಳ್ಳೆಯ ಕ್ಷೇತ್ರಕಾರ್ಯವೆಂದು ಮೆಚ್ಚುವ ಪೂರ್ಣತೆಯೇ ವಕ್ತೃವಿಗೆ ಮುಳುವಾಗಬಲ್ಲುದು.

ಆಲ್ದೂರು ಸಮೀಪದ ತೋಟವೊಂದರ ಲೈನಿನಲ್ಲಿ ಸೋಬಾನೆ ಪದಗಳನ್ನು ಸಂಗ್ರಹಿಸುತ್ತಿದ್ದಾಗ ಮುದುಕಿಯೊಬ್ಬರು ಹಾಡಿನ ನಡುವೆ ತವರಿನ ಮಾತೆತ್ತಿದರು. ತವರು ಭದ್ರೆಯ ಮೇಲ್ಭಾಗದಲ್ಲಿ. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಬಂದು ಗದ್ದೆಯ ಮೇಲೆ ಮಣ್ಣು ಹರಡಿ ಹೋದ ವರ್ಷಗಳನ್ನೂ, ಗಣಿ ಬೇಡವೆಂಬ ಸಭೆಗೆ ಹೋದ ಬಂಧುವಿಗೆ ಆಮೇಲೆ ಕೂಲಿ ಸಿಗದೆ ಹೋದದ್ದನ್ನೂ ಅವರು ಹೇಳಿದರು. ಹಾಡು ಮುಗಿದು ಹೆಸರು ಬರೆದುಕೊಳ್ಳುವ ಹೊತ್ತಿಗೆ ಅವರು ಒಂದು ವಿಂಗಡಣೆ ಮಾಡಿದರು. ಸೋಬಾನೆಗೆ ತಮ್ಮ ಹೆಸರು ಹಾಕಬೇಕು, ಹೊಳೆಯ ಮಾತಿಗೆ ಹಾಕಬಾರದು. ಕಾರಣ ಕೇಳುವ ಅಗತ್ಯವಿರಲಿಲ್ಲ. ಲೈನ್ ಮನೆ ತೋಟದ್ದು. ಮಗನ ಕೆಲಸ ತೋಟದ್ದು. ಕೆಲಸ ಹೋದರೆ ಸೂರೂ ಹೋಗುತ್ತದೆ. ತೋಟದ ಧಣಿಗೆ ಆ ಹಳೆಯ ಗಣಿಯೊಡನೆ ಯಾವ ಸಂಬಂಧವೂ ಇರಲಿಕ್ಕಿಲ್ಲ; ಆದರೆ ತಕರಾರಿನವರೆಂಬ ಹೆಸರು ಒಂದು ಕಡೆ ಅಂಟಿದರೆ ಎಲ್ಲ ಕಡೆಗೂ ಹಿಂಬಾಲಿಸುತ್ತದೆಂಬುದನ್ನು ಲೈನಿನಲ್ಲಿ ಬಾಳಿದವರು ಬಲ್ಲರು.

ಆ ಮುದುಕಿಯ ವಿಂಗಡಣೆಯಲ್ಲಿ ನಮ್ಮ ಶಿಸ್ತಿಗಿಂತ ಸೂಕ್ಷ್ಮವಾದ ಶಿಸ್ತೊಂದಿದೆ. ನಾವು ಹೆಸರನ್ನು ವಕ್ತೃವಿಗೆ ಸೇರಿದ ಗುಣವೆಂದು ತಿಳಿದಿದ್ದೇವೆ. ಒಬ್ಬ ವಕ್ತೃ, ಒಂದು ಹೆಸರು, ಎಲ್ಲ ಪಠ್ಯಗಳಿಗೂ ಅದೇ. ಅವರು ಹೆಸರನ್ನು ಪಠ್ಯಕ್ಕೆ ಸೇರಿದ ಗುಣವೆಂದು ತಿಳಿದರು. ಒಂದೇ ಬಾಯಿ ಎರಡು ಮಾತಾಡಿತು. ಒಂದು ಮಾತಿಗೆ ಹೆಸರು ಮಾನ ತರುತ್ತದೆ, ಇನ್ನೊಂದಕ್ಕೆ ಅದೇ ಹೆಸರು ಕುತ್ತು ತರುತ್ತದೆ.

ಇದಕ್ಕೆ ಬರಬಹುದಾದ ಆಕ್ಷೇಪ ಹಗುರವಾದದ್ದಲ್ಲ. ಕನ್ನಡದ ಆರಂಭದ ಸಂಗ್ರಹಗಳಲ್ಲಿ ಹಾಡಿದ ಹೆಣ್ಣುಮಕ್ಕಳು ಬಹುಪಾಲು ‘ಜನಪದ’ ಎಂಬ ಸಮೂಹದೊಳಗೆ ಕರಗಿಹೋಗಿದ್ದರು. ಸಂಗ್ರಾಹಕರ ಹೆಸರು ಹೊದಿಕೆಯ ಮೇಲೆ, ಹಾಡಿದವಳ ಹೆಸರು ಎಲ್ಲಿಯೂ ಇಲ್ಲ. ಅನಾಮಿಕತೆಯೆಂಬುದು ಅಪಹರಣಕ್ಕೆ ಇಟ್ಟ ಮರ್ಯಾದೆಯ ಹೆಸರು ಎಂದು ವಾದಿಸಿ, ವಕ್ತೃವಿನ ಹೆಸರನ್ನು ಮುದ್ರಣಕ್ಕೆ ತರಲು ಒಂದು ತಲೆಮಾರಿನ ವಿದ್ವಾಂಸರು ದುಡಿದಿದ್ದಾರೆ. ಈಗ ಮತ್ತೆ ಹೆಸರು ತೆಗೆಯಿರಿ ಎಂದರೆ ಆ ದುಡಿಮೆಯನ್ನು ಕಳೆದುಕೊಂಡಂತಾಗುವುದಿಲ್ಲವೇ? ಜೊತೆಗೆ ಪರಿಶೀಲನೆಗೆ ಸಿಗದ ಪಠ್ಯವನ್ನು ಯಾರು ಬೇಕಾದರೂ ಸೃಷ್ಟಿಸಬಹುದು. ಗಣಿಯಂಥ ವಿವಾದದಲ್ಲಿ ಎರಡೂ ಕಡೆಯವರಿಗೆ ಅನುಕೂಲದ ಜನವಾಣಿಯನ್ನು ತಯಾರಿಸುವ ಆಸೆ ಇದ್ದೇ ಇರುತ್ತದೆ.

ಆಕ್ಷೇಪದ ಎರಡನೆಯ ಭಾಗಕ್ಕೆ ಪರಿಹಾರ ಕಷ್ಟವೇನಲ್ಲ. ಹೆಸರು ಇರುವುದು ಬೇರೆ, ಹೆಸರು ಮುದ್ರಿತವಾಗುವುದು ಬೇರೆ. ವಿಶ್ವವಿದ್ಯಾನಿಲಯದ ಜಾನಪದ ವಿಭಾಗದಲ್ಲಿ ಮೊಹರು ಹಾಕಿದ ವಕ್ತೃ ನೋಂದಣಿ ಪುಸ್ತಕವೊಂದನ್ನು ಇಟ್ಟು, ಪಠ್ಯದಲ್ಲಿ ಕ್ರಮಾಂಕ ಮಾತ್ರ ಕಾಣಿಸಬಹುದು. ಇಷ್ಟು ವರ್ಷ ತೆರೆಯಬಾರದೆಂದು ವಕ್ತೃವೇ ಅವಧಿ ಹೇಳಬಹುದು. ಮೌಖಿಕ ಚರಿತ್ರೆಯ ಭಂಡಾರಗಳು ಬೇರೆಡೆ ಇಂಥ ಪದ್ಧತಿಯನ್ನು ಪಾಲಿಸುತ್ತಿವೆ. ಮೊದಲನೆಯ ಭಾಗ ಮಾತ್ರ ಕಠಿಣ. ಅದಕ್ಕೆ ನನ್ನ ಉತ್ತರವಿಷ್ಟೆ: ಹಿಂದೆ ಹೆಸರು ಬಿಟ್ಟವರು ಸಂಗ್ರಾಹಕರು. ಈಗ ಹೆಸರು ಬೇಡವೆನ್ನುತ್ತಿರುವವರು ವಕ್ತೃಗಳು. ಎರಡೂ ಕಡೆ ಪುಟ ಖಾಲಿಯಾಗಿ ಕಂಡರೂ ತೀರ್ಮಾನ ಯಾರದೆಂಬುದರಲ್ಲಿ ವ್ಯತ್ಯಾಸವಿದೆ. ಹೆಸರು ಬೇಕೆಂದು ಹಟ ಹಿಡಿಯುವ ವಕ್ತೃವೂ ಇದ್ದಾನೆ. ತಾನು ಗಣಿಗೆ ಎದುರಾಗಿ ನಿಂತೆನೆಂಬುದೇ ಅವನ ಬದುಕಿನ ಮಾನ. ಅವನ ಹೆಸರನ್ನು ನಮ್ಮ ಎಚ್ಚರಿಕೆಯ ನೆಪದಲ್ಲಿ ಅಳಿಸುವುದೂ ಅಷ್ಟೇ ತಪ್ಪು.

ಹೆಸರೊಂದನ್ನೇ ಮುಚ್ಚಿದರೆ ಸಾಲದೆಂಬುದೂ ಗಮನಾರ್ಹ. ಹದಿನೈದು ಮನೆಯ ಹಳ್ಳಿಯಲ್ಲಿ ‘ಸುಮಾರು 60 ವರ್ಷದ, ಇಂಥ ಜಾತಿಯ ವಿಧವೆ, ಸುಗ್ಗಿ ಮೇಳದ ಮುಂದಾಳಿನ ಅಕ್ಕ’ ಎಂದು ಬರೆದರೆ ಹೆಸರು ಬರೆದಂತೆಯೇ. ಅವರ ನುಡಿಗಟ್ಟೇ ಅವರನ್ನು ಬಯಲು ಮಾಡಬಹುದು. ಪಠ್ಯವನ್ನು ತಿದ್ದಬಾರದೆಂಬ ನಮ್ಮ ಇನ್ನೊಂದು ಕಟ್ಟಳೆ ಇಲ್ಲಿ ಅಡ್ಡಬರುತ್ತದೆ. ದೇವರಕಾಡಿನ ಒಳಗಿನ ನೀರ್ಗಣ್ಣು, ಮದ್ದಿನ ಬಳ್ಳಿ, ಹಳೆಯ ಕಬ್ಬಿಣ ಕರಗಿಸಿದ ಕಿಟ್ಟದ ದಿಬ್ಬ ಇವುಗಳ ನಿಖರ ಸ್ಥಳವನ್ನು ಮುದ್ರಿಸುವ ಮುನ್ನವೂ ಯೋಚಿಸಬೇಕು. ಮೇಲ್ಮೈಯ ಗುರುತುಗಳಿಂದ ನೆಲದೊಳಗಿನದನ್ನು ಊಹಿಸುವವರು ನಮ್ಮ ಪ್ರಬಂಧಗಳನ್ನು ಓದುವುದಿಲ್ಲವೆಂದು ನಂಬಲು ಕಾರಣವಿಲ್ಲ.

ಈ ವಿವೇಚನೆ ಹಳೆಯ ಗಣಿಯೊಂದಕ್ಕೆ ಸೀಮಿತವಲ್ಲ. ಬಳ್ಳಾರಿಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ 2008 ಮತ್ತು 2011ರ ವರದಿಗಳು, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ನ್ಯಾಯಾಲಯದಲ್ಲಿ ನಡೆಸಿದ ಹೋರಾಟ, 2011ರ ಗಣಿಗಾರಿಕೆ ನಿಷೇಧ ಇವೆಲ್ಲ ಎಲ್ಲರಿಗೂ ತಿಳಿದವು. ಅಲ್ಲಿಯೂ ದಾಖಲೆಯಾದದ್ದು ಅದಿರಿನ ಟನ್ನು, ಲಾರಿಯ ಸಂಖ್ಯೆ, ಗಡಿಕಲ್ಲಿನ ಸ್ಥಾನ. ಕೆಂಪು ದೂಳಿನಲ್ಲಿ ಬಾಳಿದವರ ಮಾತನ್ನು ನಾವು ಹೆಚ್ಚು ಕೇಳಲಿಲ್ಲ. ಕುದುರೆಮುಖದಿಂದ ಇಳಿದು ಬಂದ ಅದೇ ಕಂಪೆನಿಗೆ ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿಯ ಅವಕಾಶ ನೀಡುವ ವಿಷಯ 2024ರಲ್ಲಿ ದೊಡ್ಡ ಚರ್ಚೆಗೆ ಬಂತು. ಕುದುರೆಮುಖದಲ್ಲಿ ನಡೆದುದರ ಬಾಕಿಯನ್ನು ಮುಂದಿಟ್ಟು ರಾಜ್ಯದ ಅರಣ್ಯ ಸಚಿವರು ಅರಣ್ಯ ಭೂಮಿಯ ಹಸ್ತಾಂತರಕ್ಕೆ ತಡೆಯೊಡ್ಡಿದರು. ಸಂಡೂರಿನ ಬೆಟ್ಟಗಳಲ್ಲಿ ಕುಮಾರಸ್ವಾಮಿಯ ಕ್ಷೇತ್ರವಿದೆ, ಜಾತ್ರೆಯಿದೆ, ಹಾಡಿದೆ. ಅಲ್ಲಿಗೆ ಹೋಗುವ ಸಂಶೋಧಕರು ಜಾತ್ರೆಯ ಹಾಡನ್ನು ಬರೆದುಕೊಳ್ಳುವಾಗ ಬೆಟ್ಟದ ಮಾತೂ ಕಿವಿಗೆ ಬೀಳುತ್ತದೆ. ಯಾವುದರ ಅಡಿಯಲ್ಲಿ ಹೆಸರು ಬರೆಯಬೇಕೆಂಬುದನ್ನು ಹಾಡಿದವರನ್ನೇ ಕೇಳಬೇಕಾಗುತ್ತದೆ.

ತುರ್ತಾದ ಕೆಲಸವೊಂದಿದೆ. 1999 ಮತ್ತು 2005ರ ನಡುವೆ ಮಲೆನಾಡಿನಲ್ಲಿ ಕ್ಷೇತ್ರಕಾರ್ಯ ಮಾಡಿದವರ ಕ್ಯಾಸೆಟ್ಟುಗಳು ವಿಭಾಗಗಳ ಕಪಾಟಿನಲ್ಲಿ, ಮನೆಗಳ ಅಟ್ಟದಲ್ಲಿ ಇವೆ. ಅವುಗಳ ಹೊದಿಕೆಯ ಮೇಲೆ ಪದ್ಧತಿಯಂತೆ ಹೆಸರು, ಊರು, ದಿನಾಂಕ ಬರೆದಿರುತ್ತದೆ. ಒಂದು ಬದಿಯಲ್ಲಿ ಅಂಟಿಗೆ ಪಂಟಿಗೆಯ ಪದವಿದ್ದರೆ ಇನ್ನೊಂದು ಬದಿಯಲ್ಲಿ, ಟೇಪು ನಿಲ್ಲಿಸಲು ಮರೆತದ್ದರಿಂದಲೋ ಬೇಕೆಂದೋ, ಹೊಳೆಯ ಮಾತು, ಸಭೆಯ ಮಾತು, ಯಾರೋ ಬೆದರಿಸಿದ ಮಾತು ಸೇರಿಕೊಂಡಿರುವುದುಂಟು. ಈಗ ಇವನ್ನೆಲ್ಲ ಡಿಜಿಟಲ್ ರೂಪಕ್ಕೆ ತಂದು ಅಂತರಜಾಲದಲ್ಲಿ ಎಲ್ಲರಿಗೂ ದೊರೆಯುವಂತೆ ಮಾಡುವ ಯೋಜನೆಗಳ ಮಾತು ಕೇಳಿಬರುತ್ತಿದೆ. ಕಪಾಟಿನಲ್ಲಿದ್ದಾಗ ಆ ಹೆಸರನ್ನು ಕಾಯುತ್ತಿದ್ದದ್ದು ದೂಳು. ಹುಡುಕಿದ ಕ್ಷಣದಲ್ಲಿ ಸಿಗುವ ಕಡತವಾದ ಮೇಲೆ ಕಾಯುವವರು ಯಾರೂ ಇರುವುದಿಲ್ಲ. ಆದ್ದರಿಂದ ಧ್ವನಿಯನ್ನು ಏರಿಸುವ ಮುನ್ನ ಪ್ರತಿ ಕ್ಯಾಸೆಟ್ಟಿನ ಎರಡೂ ಬದಿಯನ್ನು ಪೂರ್ತಿ ಕೇಳುವ ಒಬ್ಬರನ್ನು ನೇಮಿಸಬೇಕು. ಅವರು ಆ ಭಾಗದ ಕನ್ನಡವನ್ನೂ ತುಳುವನ್ನೂ ಬಲ್ಲವರಾಗಿರಬೇಕು. ವಕ್ತೃ ಬದುಕಿದ್ದರೆ ಹೋಗಿ ಕೇಳಬೇಕು, ಇಲ್ಲದಿದ್ದರೆ ಮನೆಯವರನ್ನು ಕೇಳಬೇಕು. ಅಲ್ಲಿಯವರೆಗೆ ಹೊದಿಕೆಯ ಚಿತ್ರ ತೆಗೆಯುವುದನ್ನು ತಡೆಹಿಡಿಯಬೇಕು.